ಅಗ್ಗದ ಮರುಬಿಡುಗಡೆ ಎಂದರೆ ಹೋಗದೆ ಉಳಿದ ಮಾಲಲ್ಲ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳಿಗೆ ಕೊಡಿಸುವ ವಿಡಿಯೊ ಗೇಮ್‌ಗಳ ಕುರಿತು ತಮ್ಮ ವಾಚಕರ ವಿಭಾಗದಲ್ಲಿ ಕಳೆದ ವಾರ ಪ್ರಕಟವಾದ ಪತ್ರವನ್ನು ಓದಿದೆ. ಅರ್ಧ ಬೆಲೆಗೆ ಸಿಗುವ ಡಿಸ್ಕ್‌ಗಳು ಅಂಗಡಿಯಲ್ಲಿ ಹೋಗದೆ ಉಳಿದ ಮಾಲು, ಅವುಗಳಿಗೆ ದುಡ್ಡು ಸುರಿಯುವುದು ವ್ಯರ್ಥ ಎಂಬುದು ಆ ಓದುಗರ ಅಭಿಪ್ರಾಯ. ಉಳಿದ ಮಾಲನ್ನು ಕಡಿಮೆ ಬೆಲೆಗೆ ತಳ್ಳುವ ಪದ್ಧತಿ ಎಲ್ಲ ವ್ಯಾಪಾರದಲ್ಲಿಯೂ ಇದೆ, ಇಲ್ಲವೆನ್ನಲಾರೆ. ಆದರೆ ಪೆಟ್ಟಿಗೆಯ ಮೇಲೆ ಕಂಪನಿಯೇ ಅಚ್ಚು ಹಾಕಿಸಿದ ವಿಶೇಷ ಪಟ್ಟಿಯೊಂದಿಗೆ, ಮೊದಲಿಗಿಂತ ಕಡಿಮೆ ಬೆಲೆಗೆ ಹೊಸದಾಗಿ ಬರುವ ಗೇಮ್‌ಗಳ ವಿಷಯ ಇದಕ್ಕೆ ತೀರಾ ವಿರುದ್ಧವಾದದ್ದು. ಅವು ಮಾರಾಟವಾಗದೆ ಅಗ್ಗವಾದವುಗಳಲ್ಲ, ಸಾಕಷ್ಟು ಮಾರಾಟವಾದ ಕಾರಣಕ್ಕೇ ಅಗ್ಗವಾದವು.

ಸೋನಿ ಕಂಪನಿ 1997ರಲ್ಲಿ ಅಮೆರಿಕದಲ್ಲಿ ತನ್ನ ಗೇಮ್ ಯಂತ್ರವಾದ ಮೊದಲ ಪ್ಲೇಸ್ಟೇಷನ್‌ಗಾಗಿ ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಅಗ್ಗದ ಮರುಬಿಡುಗಡೆಗಳ ಸಾಲನ್ನು ಆರಂಭಿಸಿದಾಗ, ಅದರೊಳಗೆ ಸೇರಲು ಒಂದು ಗೇಮ್ ಮಾರುಕಟ್ಟೆಗೆ ಬಂದು ಒಂದು ವರ್ಷವಾದರೂ ಆಗಿರಬೇಕು ಮತ್ತು ಅದರ 1,50,000 ಪ್ರತಿಗಳಾದರೂ ಖರ್ಚಾಗಿರಬೇಕು ಎಂಬ ಷರತ್ತಿತ್ತು. ಪ್ಲೇಸ್ಟೇಷನ್ 2ರ ಕಾಲಕ್ಕೆ ಈ ಸಂಖ್ಯೆ 4,00,000ಕ್ಕೆ ಏರಿತು, ಕಾಯಬೇಕಾದ ಅವಧಿ ಒಂಬತ್ತು ತಿಂಗಳಿಗೆ ಇಳಿಯಿತು. ನಿಂಟೆಂಡೊ ಕಂಪನಿಯ ಇಂಥದೇ ಸಾಲು ‘ಪ್ಲೇಯರ್ಸ್ ಚಾಯ್ಸ್’ 1996ರಲ್ಲಿ ಶುರುವಾದಾಗ ಹತ್ತು ಲಕ್ಷ ಪ್ರತಿ ಮಾರಾಟವಾದ ಗೇಮ್‌ಗಳಿಗಷ್ಟೇ ಪ್ರವೇಶವಿತ್ತು. ಮುಂದೆ ಅದೇ ಕಂಪನಿಯ ಗೇಮ್‌ಕ್ಯೂಬ್ ಯಂತ್ರ ಬಂದಾಗ ಎರಡೂವರೆ ಲಕ್ಷವೇ ಸಾಕೆನಿಸಿತು. ಪ್ಲೇಸ್ಟೇಷನ್ 2 ಲೋಕದಾದ್ಯಂತ 15 ಕೋಟಿಗೂ ಮೇಲ್ಪಟ್ಟು ಮಾರಾಟವಾದರೆ ಗೇಮ್‌ಕ್ಯೂಬ್ ಎರಡು ಕೋಟಿಯನ್ನು ಸ್ವಲ್ಪವೇ ದಾಟಿತ್ತು. ಯಂತ್ರವೇ ಹೆಚ್ಚು ಮನೆಗಳಿಗೆ ಹೋಗದಿರುವಾಗ ಒಂದೊಂದು ಗೇಮ್‌ನ ಡಿಸ್ಕ್ ಹತ್ತು ಲಕ್ಷ ಹೋಗಲಿ ಎಂದರೆ ನಡೆಯುವ ಮಾತೇ?

ಕಾಫಿ ಬೆಳೆಗಾರನಾದ ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾವು ಚೆರಿ ಕಾಫಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು, ಮಾರಲು ಹೋದಾಗ ವ್ಯಾಪಾರಿ ಚೀಲದಿಂದ ಒಂದಿಷ್ಟು ತೆಗೆದು ಪುಟ್ಟ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಉಳಿದ ಬೇಳೆಯನ್ನು ನಮ್ಮ ಕಣ್ಣೆದುರಿಗೇ ತೂಗಿ ಔಟ್‌ಟರ್ನ್, ಅಂದರೆ ಚೀಲವೊಂದಕ್ಕೆ ಎಷ್ಟು ಕಿಲೊ ಬೇಳೆ ಸಿಗುತ್ತದೆಂಬುದನ್ನು, ಹೇಳುತ್ತಾನೆ. ಔಟ್‌ಟರ್ನ್ 26 ಬಂದರೆ ಇಷ್ಟು, 28 ಬಂದರೆ ಇಷ್ಟು ಎಂಬ ಲೆಕ್ಕ ತೋಟದವನಿಗೂ ಗೊತ್ತು, ವ್ಯಾಪಾರಿಗೂ ಗೊತ್ತು. ಜಗಳವಾದರೂ ತಕ್ಕಡಿಯ ಬಗ್ಗೆ ಆದೀತೇ ಹೊರತು ಲೆಕ್ಕದ ಬಗ್ಗೆ ಅಲ್ಲ. ಗೇಮ್‌ಗಳ ಈ ಸಾಲುಗಳಿಗೂ ಅಂಥದೊಂದು ಅಳತೆಗೋಲು ಇದ್ದದ್ದರಿಂದಲೇ ಆ ಪಟ್ಟಿಗೆ ಬೆಲೆ ಬಂದಿತು.

ಕಾಯಿಸುವ ಷರತ್ತು ಏಕೆಂದು ಕೇಳಬಹುದು. ಇಂಥ ಯಂತ್ರಗಳಿಗಾಗಿ ಡಿಸ್ಕ್ ರೂಪದಲ್ಲಿ ಮಾರುವ ಗೇಮ್‌ಗಳಿಗೆ ಹೊರಗಿನ ಪ್ರಕಾಶಕರು ಯಂತ್ರ ತಯಾರಿಸಿದ ಕಂಪನಿಗೆ ಪರವಾನಗಿ ಶುಲ್ಕ ತೆರಬೇಕು, ಅಂಗಡಿಯ ಪಾಲು ಬಿಡಬೇಕು, ವರ್ಷಗಟ್ಟಲೆ ಗೇಮ್ ಕಟ್ಟಿದವರ ಸಂಬಳದ ಸಾಲ ತೀರಿಸಬೇಕು. ಆ ಖರ್ಚು ಗಿಟ್ಟುವುದು ಬಿಡುಗಡೆಯಾದ ಹೊಸತರಲ್ಲಿ, ಬೆಲೆ ನೋಡದೆ ಕೊಳ್ಳುವವರಿಂದ. ಅವರಿಗೆ ಮೂರೇ ತಿಂಗಳಲ್ಲಿ ಬೆಲೆ ಇಳಿಯುತ್ತದೆಂಬ ಸುಳಿವು ಸಿಕ್ಕರೆ ಯಾರೂ ಮೊದಲ ದಿನ ಅಂಗಡಿಗೆ ಬರುವುದಿಲ್ಲ. ಅವರ ಕೊಳ್ಳುವಿಕೆ ಮುಗಿದ ಮೇಲೆ, ಯಂತ್ರವನ್ನು ತಡವಾಗಿ ಕೊಂಡ ನನ್ನಂಥವರ ಮನೆಗಳಿಗಾಗಿ ಅದೇ ಗೇಮ್ ಮತ್ತೊಮ್ಮೆ ಅಚ್ಚಾಗಿ ಬರುತ್ತದೆ. ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳು ಜನಪ್ರಿಯ ಆವೃತ್ತಿಯಾಗಿ ಬಂದಾಗ ನಾವು ಅವನ್ನು ರದ್ದಿ ಎಂದು ಕರೆದವರಲ್ಲ.

ಹಾಗೆಂದು ಆ ಪಟ್ಟಿಯನ್ನು ಗುಣಮಟ್ಟದ ಪ್ರಮಾಣಪತ್ರ ಎಂದು ಭಾವಿಸುವುದೂ ಸರಿಯಲ್ಲ. ಅದು ಹೇಳುವುದು ಮಾರಾಟವನ್ನು, ರುಚಿಯನ್ನಲ್ಲ. ಹೆಸರಾಂತ ಸಿನಿಮಾದ ಹೆಸರಿನ ಬಲದಿಂದಲೇ ಮಾರಾಟವಾದ ಸಾಧಾರಣ ಗೇಮ್‌ಗಳೂ ಆ ಸಾಲಿನಲ್ಲಿ ಕುಳಿತಿವೆ. ಬಲ್ಲವರು ಹೊಗಳಿದರೂ ಕೊಳ್ಳುವವರಿಲ್ಲದೆ ಹೋದ ಸೊಗಸಾದ ಗೇಮ್‌ಗಳು ಹೊರಗೇ ಉಳಿದಿವೆ. ಅಮೆರಿಕದ ಸಾಲು ಬೇರೆ, ಯೂರೋಪಿನ ‘ಪ್ಲಾಟಿನಂ’ ಸಾಲು ಬೇರೆ, ಜಪಾನಿನ ‘ದಿ ಬೆಸ್ಟ್’ ಬೇರೆ ಆಗಿದ್ದುದರಿಂದ, ಒಂದು ಕಡೆ ಅಗ್ಗವಾದ ಗೇಮ್ ಇನ್ನೊಂದು ಕಡೆ ಪೂರ್ಣ ಬೆಲೆಯಲ್ಲೇ ಉಳಿದದ್ದುಂಟು. ಇನ್ನೊಂದು ಮಾತು: ಮರುಬಿಡುಗಡೆ ಯಾವಾಗಲೂ ಹಳೆಯದರ ನಕಲೇ ಆಗಿರಬೇಕೆಂದಿಲ್ಲ. ಪ್ಲೇಸ್ಟೇಷನ್ 2ರ ‘ಸೈಲೆಂಟ್ ಹಿಲ್ 2’ ಅಮೆರಿಕದ ಅಗ್ಗದ ಸಾಲಿಗೆ ಬಂದಾಗ ಅದರಲ್ಲಿ ಮೊದಲ ಮುದ್ರಣದಲ್ಲಿಲ್ಲದ ಒಂದು ಉಪಕಥೆಯನ್ನೇ ಸೇರಿಸಲಾಗಿತ್ತು. ಮೊದಲು ಕೊಂಡವರು ಹೆಚ್ಚು ತೆತ್ತು ಕಡಿಮೆ ಪಡೆದರು. ಆದರೂ ಸಂಗ್ರಹ ಮಾಡುವ ಹವ್ಯಾಸಿಗಳು ಇಂದಿಗೂ ಸಾಮಾನ್ಯವಾಗಿ ಪಟ್ಟಿಯಿಲ್ಲದ ಮೊದಲ ಮುದ್ರಣಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ, ಅವರ ಮರ್ಜಿ.

ಇಷ್ಟು ಬರೆಯಲು ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ. ಮಳೆ ಹಿಡಿದ ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮಡಿಕೇರಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅವಳು ಕೇಳಿದ ಗೇಮ್‌ನ ಎರಡು ಪೆಟ್ಟಿಗೆಗಳು ಅಲ್ಲಿದ್ದವು, ಎರಡಕ್ಕೂ ಒಂದೇ ಬೆಲೆ. ಒಂದರ ಮೇಲ್ತುದಿಯಲ್ಲಿ ಬೆಲೆಯ ಚೀಟಿ ತುಸು ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿತ್ತು. ಮಗಳು ಹೆಬ್ಬೆರಳಿನ ಉಗುರಿನಿಂದ ಅದರ ಮೂಲೆಯನ್ನು ಕೆರೆದಾಗ ಒಳಗಿನಿಂದ ಕೆಂಪು ಬಣ್ಣ ಇಣುಕಿತು. ಇನ್ನಷ್ಟು ಎಳೆದಾಗ ‘ಪ್ಲೇಸ್ಟೇಷನ್ ಹಿಟ್ಸ್’ ಎಂಬ ಅಕ್ಷರಗಳು ಕಂಡವು. ಪ್ಲೇಸ್ಟೇಷನ್ 4ಕ್ಕಾಗಿ 2018ರ ಜೂನ್‌ನಲ್ಲಿ ಆರಂಭವಾದ ಅಗ್ಗದ ಸಾಲು ಅದು, ಆರಂಭವಾದಾಗ ಅಮೆರಿಕದಲ್ಲಿ ಅದರ ಬೆಲೆ 20 ಡಾಲರಿಗೆ ಒಂದು ಸೆಂಟ್ ಕಡಿಮೆ ಇತ್ತು. ಕೇಳಿದ್ದಕ್ಕೆ ಅಂಗಡಿಯವರು, ‘ಗೇಮ್ ಒಂದೇ ಅಲ್ವಾ ಸಾರ್, ಡಬ್ಬ ನೋಡಿ ಏನ್ ಮಾಡ್ತೀರಾ’ ಎಂದರು. ಗೇಮ್ ಒಂದೇ ಎಂಬುದು ನಿಜ. ಒಂದೇ ಆಗಿರುವುದರಿಂದಲೇ ಅದನ್ನು ಹೆಚ್ಚಿನ ಬೆಲೆಗೆ ಮಾರಲು ಚೀಟಿಯ ಮರೆ ಬೇಕಾಯಿತು ಎಂಬುದೂ ನಿಜ.

ಈಗ ಎಲ್ಲವೂ ಡೌನ್‌ಲೋಡ್ ಆಗಿರುವಾಗ ಡಿಸ್ಕ್‌ನ ಮಾತೇಕೆ ಎಂದು ಪೇಟೆಯವರು ಕೇಳಬಹುದು. ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲದ, ಟವರ್ ಇದ್ದೂ ಸಿಗ್ನಲ್ ಇಲ್ಲದ ನಮ್ಮ ಕಡೆ 40 ಜಿಬಿ ಇಳಿಸಿಕೊಳ್ಳುವುದಕ್ಕಿಂತ ಬಸ್ಸಿನಲ್ಲಿ ಹೋಗಿ ಡಿಸ್ಕ್ ತರುವುದೇ ಬೇಗ. ಅಲ್ಲದೆ ಆನ್‌ಲೈನ್ ಮಳಿಗೆಗಳ ರಿಯಾಯಿತಿಗೆ ಇಷ್ಟು ಪ್ರತಿ, ಇಷ್ಟು ತಿಂಗಳು ಎಂಬ ಕಟ್ಟುಪಾಡು ಬೇಕಿಲ್ಲ. ಇಂದು ಮುಕ್ಕಾಲು ಪಾಲು ಇಳಿದ ಬೆಲೆ ಮುಂದಿನ ವಾರ ಮತ್ತೆ ಮೇಲೇರಿರುತ್ತದೆ. ಅಗ್ಗದ ಸಾಲಿನ ಡಿಸ್ಕ್ ಹಾಗಲ್ಲ, ಒಮ್ಮೆ ಇಳಿದ ಬೆಲೆ ಸಾಮಾನ್ಯವಾಗಿ ಇಳಿದೇ ಇರುತ್ತಿತ್ತು.

ತಮ್ಮಲ್ಲಿ ನನ್ನದೊಂದು ಕೋರಿಕೆ. ತಮ್ಮ ತಂತ್ರಜ್ಞಾನ ಪುಟದಲ್ಲಿ ಗೇಮ್‌ಗಳ ಪರಿಚಯ ಬರುವಾಗ ಬೆಲೆಯ ಜೊತೆಗೆ, ಅದು ಮೊದಲು ಬಿಡುಗಡೆಯಾದ ವರ್ಷ, ಈಗ ಸಿಗುತ್ತಿರುವುದು ಮೊದಲ ಮುದ್ರಣವೋ ಮರುಬಿಡುಗಡೆಯೋ, ಮರುಬಿಡುಗಡೆಯಾಗಿದ್ದರೆ ಅದರ ಮುದ್ರಿತ ಬೆಲೆ ಎಷ್ಟು ಎಂಬ ಒಂದು ಸಾಲನ್ನು ಸೇರಿಸಬೇಕು. ಗೇಮ್‌ಗಳ ಗಂಧಗಾಳಿ ಇಲ್ಲದ ತಂದೆ ತಾಯಿ ಆ ಪುಟವನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಲು ಅಷ್ಟು ಸಾಕು.

ಇತಿ,
ತಮ್ಮ ಓದುಗ,
ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು, ಕೊಡಗು