ಮಗಳಿಗೊಂದು ಪತ್ರ: ದೇಹ ಏಮಾರುವ ಗುಂಪು

ಪ್ರೀತಿಯ ಮಗಳೇ,

ಧಾತುಗಳ ಆವರ್ತ ಕೋಷ್ಟಕದ ಮೊದಲ ಗುಂಪನ್ನು, ಅಂದರೆ ಮೊದಲ ಕಂಬಸಾಲನ್ನು, ಲಿಥಿಯಂನಿಂದ ಫ್ರಾನ್ಸಿಯಂವರೆಗೆ ಬಾಯಿಪಾಠ ಮಾಡಿದ್ದೀಯ. ಅದರಿಂದ ಆಗುವುದೇನು ಎಂದೂ ಕೇಳಿದ್ದೀಯ. ಪರೀಕ್ಷೆಯ ಮಾತು ಬಿಡು, ಮದ್ದಿನ ಕಡೆಯಿಂದ ಹೇಳುತ್ತೇನೆ. ಒಂದೇ ಗುಂಪಿನ ಧಾತುಗಳು ಎದುರಾದರೆ ನಮ್ಮ ದೇಹ ಎಷ್ಟೋ ಸಲ ಏಮಾರುತ್ತದೆ. ಒಂದನ್ನು ಇನ್ನೊಂದೆಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ.

ಈ ಲೋಹಗಳನ್ನು ಶುದ್ಧ ರೂಪದಲ್ಲಿ ಮುಟ್ಟುವಂತಿಲ್ಲ, ನೀರು ತಗುಲಿದರೆ ಕೆರಳುತ್ತವೆ, ಹಲವು ಉರಿದೇಳುತ್ತವೆ. ಹೊರಕವಚದ ಒಂಟಿ ಇಲೆಕ್ಟ್ರಾನನ್ನು ಕೊಟ್ಟು ಲವಣವಾದ ಮೇಲೆ ಸಾಧುವಾಗುತ್ತವೆ. ಮದ್ದಾಗುವುದು ಆ ಲವಣಗಳೇ.

ಲಿಥಿಯಂನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಲಿಥಿಯಂ ಲವಣ ಚುಚ್ಚಿದ ಗಿನಿಯಿಲಿಗಳು ಮಂಕಾಗಿ ಮಲಗುವುದನ್ನು ಕಂಡರು. ಮೊದಲು ತಾವೇ ಸೇವಿಸಿ ನೋಡಿ, ಆಮೇಲೆ ಉನ್ಮಾದದ ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿನಿಯಿಲಿಗಳು ಮಂಕಾದದ್ದು ಬಹುಶಃ ವಿಷವೇರಿ ಎಂದು ನಂತರದವರು ಹೇಳಿದರು. ಆದರೂ ಮದ್ದು ಮಾತ್ರ ನಿಜವಾಗಿತ್ತು. ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಕಾರ್ಬೊನೇಟನ್ನು ಇಂದಿಗೂ ಕೊಡುತ್ತಾರೆ. ಅದೇ 1949ರಲ್ಲಿ ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಉಪ್ಪು ಬಿಡಬೇಕಾಗಿದ್ದ ಹೃದ್ರೋಗಿಗಳು ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಉದುರಿಸಿಕೊಂಡು ತಿಂದರು, ಕೆಲವರು ಸತ್ತರು. ಕಾರಣ ಕೋಷ್ಟಕದಲ್ಲೇ ಇದೆ: ಲಿಥಿಯಂನ ಕೆಳಗಿನ ಮನೆ ಉಪ್ಪಿನಲ್ಲಿರುವ ಸೋಡಿಯಂನದು. ಸೋಡಿಯಂ ಕಡಿಮೆಯಾದಾಗ ಮೂತ್ರಪಿಂಡ ಅದನ್ನು ಹೊರಹೋಗಗೊಡದೆ ಹಿಡಿದಿಡುತ್ತದೆ. ಅದರ ಜೊತೆಗೆ ಲಿಥಿಯಂ ಕೂಡ ಉಳಿದುಬಿಡುತ್ತದೆ. ಹಾಗಾಗಿಯೇ ಲಿಥಿಯಂ ತೆಗೆದುಕೊಳ್ಳುವವರ ರಕ್ತವನ್ನು ಆಗಾಗ ಪರೀಕ್ಷಿಸುತ್ತಾರೆ. ಲೀಟರಿಗೆ 1 ಮಿಲಿಮೋಲ್ ಆಸುಪಾಸಿನಲ್ಲಿ ಮದ್ದು, 1.5 ದಾಟಿದರೆ ವಿಷದ ಲಕ್ಷಣ. ವಾಂತಿಭೇದಿಯಾಗಿ ಮೈಯ ನೀರು ಉಪ್ಪು ಹೋದರೂ ಅವರಿಗೆ ಅಪಾಯವೇ.

ವಾಂತಿಭೇದಿ ಎಂದಾಗ ಸೋಡಿಯಂನ ಸರದಿ. ಓಆರ್‌ಎಸ್ ಪುಡಿಯಲ್ಲಿ ಉಪ್ಪಿನ ಜೊತೆ ಗ್ಲೂಕೋಸ್ ಇರುವುದು ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಇವೆರಡನ್ನೂ ಒಟ್ಟಿಗೇ ಒಳಗೆ ಒಯ್ಯುವ ಪ್ರೋಟೀನ್ ಒಂದಿದೆ. ಭೇದಿಯಲ್ಲೂ ಅದು ಕೆಟ್ಟಿರುವುದಿಲ್ಲ, ಮತ್ತು ಅವು ಹೋದಲ್ಲಿ ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಇಷ್ಟು ಅಗ್ಗದ ಮದ್ದು ಇಷ್ಟು ಜೀವ ಉಳಿಸಿದ್ದು ಬೇರೆಲ್ಲಿಯೂ ನನಗೆ ಕಂಡಿಲ್ಲ.

ಆ ಪುಡಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸಹ ಇರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕಡಿಮೆಯಾದರೂ ಹೆಚ್ಚಾದರೂ ಹೃದಯದ ಲಯ ತಪ್ಪುತ್ತದೆ. ಅದಕ್ಕೇ ಅದನ್ನು ರಕ್ತನಾಳಕ್ಕೆ ಒಮ್ಮೆಗೇ ಚುಚ್ಚುವುದಿಲ್ಲ, ತೆಳುವಾಗಿಸಿ ಮೆಲ್ಲಗೆ ಹನಿಸುತ್ತಾರೆ. (ಅಣುಸ್ಥಾವರದ ಅವಘಡದಲ್ಲಿ ಹಂಚುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡ. ಥೈರಾಯ್ಡ್ ಕಾಯುವ ಕೆಲಸವೆಲ್ಲ ಅಯೋಡಿನ್ನದು, ಪೊಟ್ಯಾಸಿಯಂ ಬರೀ ಜೊತೆಗಾರ.)

ಇನ್ನು ಏಮಾರಿಕೆಯನ್ನೇ ಉಪಾಯ ಮಾಡಿಕೊಂಡದ್ದನ್ನು ನೋಡು. ಪೊಟ್ಯಾಸಿಯಂನ ಕೆಳಗಿನ ಮನೆ ರುಬಿಡಿಯಂನದು. ರುಬಿಡಿಯಂ-82 ವಿಕಿರಣಶೀಲ; ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಒಂದೂಕಾಲು ನಿಮಿಷ. ರಕ್ತನಾಳಕ್ಕೆ ಕೊಟ್ಟರೆ ಹೃದಯದ ಸ್ನಾಯು ಪೊಟ್ಯಾಸಿಯಂ ಎಂದೇ ಹೀರಿಕೊಳ್ಳುತ್ತದೆ. ಒಳಗಿನ ವಿಕಿರಣವನ್ನು ಚಿತ್ರವಾಗಿಸುವ ಪೆಟ್ ಸ್ಕ್ಯಾನಿನಲ್ಲಿ ಹೀರಿದ ಭಾಗ ಬೆಳಗುತ್ತದೆ, ರಕ್ತ ತಲುಪದ ಭಾಗ ಕಪ್ಪಾಗಿ ಕಾಣುತ್ತದೆ.

ರುಬಿಡಿಯಂನ ಕೆಳಗಿರುವ ಸೀಸಿಯಂ ವಿಷಯದಲ್ಲಿ ಇದೇ ಏಮಾರಿಕೆ ಕೇಡಾಯಿತು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಲ್ಲಿ ಉಳಿದಿದ್ದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಗುಜರಿಗಾಗಿ ಒಡೆದರು. ಒಳಗಿದ್ದ ಸೀಸಿಯಂ-137ರ ಹೊಳೆಯುವ ಪುಡಿ ಕೈಯಿಂದ ಕೈಗೆ ದಾಟಿ ನಾಲ್ವರನ್ನು ಕೊಂದಿತು. ಒಳಸೇರಿದ ಸೀಸಿಯಂ ಪೊಟ್ಯಾಸಿಯಂನಂತೆ ಮಾಂಸಖಂಡಗಳಿಗೆ ಹರಡಿತ್ತು. ಬದುಕಿದವರಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನೇ ನುಂಗಿಸಿದರು. ಅದು ಕರುಳಿನಲ್ಲಿ ಸೀಸಿಯಂ ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ವಿಕಿರಣವಿಲ್ಲದ ಸೀಸಿಯಂ ಕ್ಲೋರೈಡನ್ನು ಕ್ಯಾನ್ಸರ್ ಮದ್ದೆಂದು ಮಾರುವವರೂ ಇದ್ದಾರೆ. ಅದರಿಂದ ಕ್ಯಾನ್ಸರ್ ಗುಣವಾದ ಪುರಾವೆಯಿಲ್ಲ, ಹೃದಯ ಕೆಟ್ಟದ್ದಕ್ಕೆ ಇದೆ.

ಫ್ರಾನ್ಸಿಯಂ ಬಿಟ್ಟುಬಿಡು, ಅರ್ಧಾಯುಷ್ಯ 22 ನಿಮಿಷ, ಮದ್ದಿಗೂ ಇಲ್ಲ, ಮಾತಿಗೂ ಇಲ್ಲ.

ಈಗ ಎರಡನೆಯ ಗುಂಪಿಗೆ ಹೋಗು. ಕ್ಯಾಲ್ಸಿಯಂನ ಕೆಳಗೆ ಸ್ಟ್ರಾನ್ಷಿಯಂ ಇದೆ. ಕ್ಯಾನ್ಸರ್ ಮೂಳೆಗೆ ಹಬ್ಬಿ ನೋವು ತಡೆಯಲಾಗದವರಿಗೆ ಸ್ಟ್ರಾನ್ಷಿಯಂ-89 ಕೊಡುವುದುಂಟು. ಅದು ಮೂಳೆಯನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ? ಉತ್ತರ ಬರೆದು ಕಳುಹಿಸು.

ನಿನ್ನ ಅಪ್ಪ