ಮತ ಕೇಳದ ಅಭ್ಯರ್ಥಿ, ಕೇಳುವ ಸಮಿತಿ

ಮಾನ್ಯ ಸಂಪಾದಕರೇ,

ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಬ್ರಿಟಿಷ್ ಸಂಸತ್ತಿಗೆ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಿದ್ದ ಬಗೆಯನ್ನು ಕುರಿತು ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮತದಾರರೆಲ್ಲ ವಿದ್ಯಾವಂತರಾಗಿದ್ದುದರಿಂದಲೂ ಅಭ್ಯರ್ಥಿಯು ತಾನೇ ಮತ ಯಾಚಿಸುವುದು ಆಕ್ಸ್‌ಫರ್ಡಿನಲ್ಲಿ ಅನುಚಿತವೆನಿಸಿದ್ದುದರಿಂದಲೂ ಅಲ್ಲಿ ಮತಯಾಚನೆಯ ಗದ್ದಲವೇ ಇರಲಿಲ್ಲ ಎಂಬ ಲೇಖಕರ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಅಭ್ಯರ್ಥಿ ಸುಮ್ಮನಿರುತ್ತಿದ್ದುದು ನಿಜ. ಅವನ ಪರವಾಗಿ ಹಗಲಿರುಳು ದುಡಿಯುವ ಸಮಿತಿಗಳಿದ್ದುದೂ ಅಷ್ಟೇ ನಿಜ.

ಮತದ ಹಕ್ಕಿದ್ದುದು ವಿದ್ಯಾರ್ಥಿಗಳಿಗಲ್ಲ. ಶುಲ್ಕ ಕಟ್ಟಿ ತಮ್ಮ ಹೆಸರನ್ನು ದಾಖಲೆಯಲ್ಲಿ ಉಳಿಸಿಕೊಂಡಿದ್ದ ಎಂ.ಎ. ಪದವೀಧರರಿಗೆ ಮತ್ತು ಡಾಕ್ಟರುಗಳಿಗೆ. ಇವರಲ್ಲಿ ಬಹುಮಂದಿ ಊರೂರುಗಳಲ್ಲಿ ಚದುರಿಹೋಗಿದ್ದ ಪಾದ್ರಿಗಳು, ಉಳಿದಂತೆ ಲಂಡನ್ನಿನ ವಕೀಲರು, ಜಮೀನುದಾರರು. 1861ರ ಕಾಯಿದೆ ಬರುವವರೆಗೆ ಪ್ರತಿಯೊಬ್ಬನೂ ಖುದ್ದಾಗಿ ಬಂದು ಮತ ಹಾಕಬೇಕಾಗಿದ್ದುದರಿಂದ, ಮತಯಾಚನೆಯೆಂದರೆ ಮನವೊಲಿಸುವುದಷ್ಟೇ ಆಗಿರದೆ, ಒಲಿದವನನ್ನು ದೂರದ ಹಳ್ಳಿಯಿಂದ ಹೊರಡಿಸಿ ಮತಗಟ್ಟೆಗೆ ಮುಟ್ಟಿಸುವ ಕೆಲಸವೂ ಆಗಿತ್ತು. ಸಮಿತಿಗಳು ವಿಶ್ವವಿದ್ಯಾಲಯದಲ್ಲೊಂದು, ಲಂಡನ್ನಿನಲ್ಲೊಂದು ಕಚೇರಿ ತೆರೆದು, ಪದವೀಧರರ ಪಟ್ಟಿ ಹಿಡಿದು ಪತ್ರ ಬರೆಯುತ್ತಿದ್ದವು. ಮಾತು ಕೊಟ್ಟವರು ಯಾರು, ಇನ್ನೂ ತೂಗಾಡುತ್ತಿರುವವರು ಯಾರು ಎಂದು ಗುರುತು ಹಾಕಿಕೊಳ್ಳುತ್ತಿದ್ದವು. ಬರಲಾಗದ ಎದುರಾಳಿಗಳಿಬ್ಬರು ಜೋಡಿಯಾಗಿ, ಇಬ್ಬರೂ ಮತ ಹಾಕದಿರಲು ಒಪ್ಪಿಕೊಳ್ಳುವ ಪದ್ಧತಿಯೂ ಇತ್ತು.

ಕೇಂಬ್ರಿಡ್ಜಿನಲ್ಲಂತೂ ಅಭ್ಯರ್ಥಿಯ ಮೌನವೂ ಇರಲಿಲ್ಲ. 1806ರಲ್ಲಿ ಪ್ರಧಾನಿ ಪಿಟ್ ತೀರಿಕೊಂಡು ತೆರವಾದ ಸ್ಥಾನಕ್ಕೆ, ಮುಂದೆ ತಾನೂ ಪ್ರಧಾನಿಯಾದ ಇಪ್ಪತ್ತೊಂದರ ಹರೆಯದ ಪಾಮರ್‌ಸ್ಟನ್ ನಿಂತು ತಾನೇ ಮತ ಕೇಳಿದರೂ, ಗೆದ್ದ ಲಾರ್ಡ್ ಹೆನ್ರಿ ಪೆಟಿಗೆ 331 ಮತ ಬಂದರೆ ಆತನಿಗೆ ಬಂದದ್ದು 128. ಮರುವರ್ಷದ ಸ್ಪರ್ಧೆಯಲ್ಲಿ ಎರಡು ಸ್ಥಾನಗಳಿದ್ದು, ಮತದಾರನಿಗೂ ಎರಡು ಮತಗಳಿದ್ದವು. ಹೀಗಾಗಿ ಸಮಿತಿಗಳಿಗೆ ನಿಜವಾದ ತಲೆನೋವು ಎರಡನೆಯ ಮತದ್ದು: ಅದನ್ನು ತಮ್ಮದೇ ಕಡೆಯ ಜೊತೆಗಾರ ಅಭ್ಯರ್ಥಿಗೆ ಕೊಡಿಸಿದರೆ ಅವನೇ ನಮ್ಮವನನ್ನು ಮೀರಿಹೋಗಬಹುದು, ಕೊಡಿಸದಿದ್ದರೆ ಅವನ ಕಡೆಯವರೂ ಕೈಬಿಡಬಹುದು. ಪಾಮರ್‌ಸ್ಟನ್ ಆಗ ಸೋತದ್ದು ತನ್ನ ಜೊತೆಗಾರ ಗಿಬ್ಸ್‌ಗಿಂತ ಕೆಲವೇ ಮತಗಳು ಕಡಿಮೆ ಬಂದುದರಿಂದ. ವಿದ್ವಾಂಸರೆಲ್ಲ ಇದರಿಂದ ದೂರವಿದ್ದರೆಂದೂ ಹೇಳುವಂತಿಲ್ಲ. 1829ರಲ್ಲಿ ವಿಲಿಯಂ ಕ್ಯಾವೆಂಡಿಶ್ ಕೇಂಬ್ರಿಡ್ಜಿನಿಂದ ಗೆದ್ದಾಗ ಅವನ ಲಂಡನ್ ಸಮಿತಿಯ ಅಧ್ಯಕ್ಷನಾಗಿದ್ದವನು, ಗಣಕಯಂತ್ರದ ಕನಸು ಕಂಡ ಗಣಿತ ಪ್ರಾಧ್ಯಾಪಕ ಚಾರ್ಲ್ಸ್ ಬ್ಯಾಬೇಜ್.

ಅದೇ 1829ರ ಆಕ್ಸ್‌ಫರ್ಡ್ ಉಪಚುನಾವಣೆಯನ್ನು ಲೇಖಕರು ಒಂದೇ ವಾಕ್ಯದಲ್ಲಿ ಮುಗಿಸಿರುವುದು ಆಶ್ಚರ್ಯ. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಕೊಡುವುದನ್ನು ಅಲ್ಲಿಯತನಕ ವಿರೋಧಿಸುತ್ತಿದ್ದ ಗೃಹಮಂತ್ರಿ ರಾಬರ್ಟ್ ಪೀಲ್, ನಿಲುವು ಬದಲಿಸಿದ ಮೇಲೆ ತನ್ನನ್ನು ಆರಿಸಿದವರ ಮುಂದೆ ಮತ್ತೆ ಹೋಗಬೇಕೆಂದು ರಾಜೀನಾಮೆ ಕೊಟ್ಟನು. ಊರೂರಿನ ಪಾದ್ರಿಗಳು ಬಂದು ಸರ್ ರಾಬರ್ಟ್ ಇಂಗ್ಲಿಸ್‌ನನ್ನು 755 ಮತಗಳಿಂದ ಗೆಲ್ಲಿಸಿದರು. ಪೀಲ್‌ಗೆ ಸಿಕ್ಕವು 609. ಸೋತ ಮಂತ್ರಿಗೆ ಒಡೆಯನೊಬ್ಬನ ಹಿಡಿತದಲ್ಲಿದ್ದ ವೆಸ್ಟ್‌ಬರಿ ಎಂಬ ಸಣ್ಣ ಕ್ಷೇತ್ರ ಆಸರೆಯಾಯಿತು. ವಿದ್ಯಾವಂತರು ಸಾಮಾನ್ಯರಿಗಿಂತ ಶಾಂತವಾಗಿ ಯೋಚಿಸುತ್ತಾರೆಂಬ ನಂಬಿಕೆಗೆ ಈ ಚುನಾವಣೆಯಿಂದ ಹೆಚ್ಚಿನ ಬೆಂಬಲ ಸಿಗುವುದಿಲ್ಲ.

1861ರ ಕಾಯಿದೆಯಿಂದ ಅಂಚೆಯ ಮೂಲಕ ಮತಪತ್ರ ಕಳಿಸುವುದು ಸಾಧ್ಯವಾಯಿತು. ಪ್ರಯಾಣದ ತೊಡಕು ಕಳೆದುದರಿಂದ ಮತಯಾಚನೆ ತಣ್ಣಗಾಗಬೇಕಿತ್ತು. ಆದರೆ ಪ್ರತಿ ಮನೆಯ ಮತವೂ ಈಗ ಎಟಕುವಂತಾಗಿದ್ದರಿಂದ ಪತ್ರಗಳ ಮೂಲಕ ಒತ್ತಾಯ ಬೆಳೆಯಿತು. 1865ರಲ್ಲಿ ಆಕ್ಸ್‌ಫರ್ಡಿನ ಎರಡು ಸ್ಥಾನಗಳಿಗೆ ನಡೆದ ಸ್ಪರ್ಧೆಯಲ್ಲಿ ಹೀತ್‌ಕೋಟ್ 3236, ಗ್ಯಾಥೋರ್ನ್ ಹಾರ್ಡಿ 1904, ಮುಂದೆ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ 1724 ಮತ ಪಡೆದು, 1847ರಿಂದ ಆಕ್ಸ್‌ಫರ್ಡನ್ನು ಪ್ರತಿನಿಧಿಸುತ್ತಿದ್ದ ಗ್ಲ್ಯಾಡ್‌ಸ್ಟನ್ ಸೋತನು. ಕೂಡಲೇ ಮ್ಯಾಂಚೆಸ್ಟರಿಗೆ ಹೋಗಿ, ಬಾಯಿಕುಕ್ಕೆ ಕಳಚಿಕೊಂಡು ನಿಮ್ಮ ನಡುವೆ ಬಂದಿದ್ದೇನೆ ಎಂಬರ್ಥದ ಮಾತಾಡಿದನು. ಹದಿನೆಂಟು ವರ್ಷ ಅಭ್ಯರ್ಥಿಯ ಗಾಂಭೀರ್ಯವೆನಿಸಿದ್ದುದನ್ನು ಅವನೇ ಕುಕ್ಕೆಯೆಂದು ಕರೆದದ್ದನ್ನು ಲೇಖಕರು ಗಮನಿಸಬೇಕು.

ಇನ್ನೊಂದು ಮಾತು. ಇಲ್ಲಿ ಮತವು ಬಹಿರಂಗವಾಗಿತ್ತು, ಅನೇಕ ಚರ್ಚುಗಳಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಕಾಲೇಜುಗಳ ಕೈಯಲ್ಲಿತ್ತು. ಅಂಥ ಹುದ್ದೆಯನ್ನು ಎದುರುನೋಡುತ್ತಿದ್ದ ತರುಣ ಫೆಲೊ (ಕಾಲೇಜಿನ ವೇತನ ಪಡೆಯುವ ಸದಸ್ಯ) ಒಬ್ಬನ ಬಳಿ ಹಿರಿಯರು ಬಂದು ‘ನಿಮ್ಮ ಮತ ಯಾರಿಗೆ’ ಎಂದು ವಿನಯದಿಂದ ಕೇಳಿದರೆ, ಆ ವಿನಯದಲ್ಲಿ ಎಷ್ಟು ಒತ್ತಡವಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ಉಳಿದ ಮತದಾರರಿಗೆ 1872ರಲ್ಲಿ ಗುಪ್ತಮತದಾನ ದೊರೆತಾಗಲೂ ವಿಶ್ವವಿದ್ಯಾಲಯ ಕ್ಷೇತ್ರಗಳನ್ನು ಆ ಕಾಯಿದೆಯಿಂದ ಹೊರಗಿಡಲಾಯಿತು. ಪದವೀಧರರಿಗೆ ಅದರ ಅಗತ್ಯವಿಲ್ಲವೆಂಬ ಎಣಿಕೆ ಅದರ ಹಿಂದಿದ್ದಂತೆ ತೋರುತ್ತದೆ. ಲೇಖನದ ಮುಂದಿನ ಭಾಗದಲ್ಲಿ ಈ ವಿನಾಯಿತಿಯನ್ನೂ, 1868ರಿಂದ ಹೊಸದಾಗಿ ಸೇರಿದ ಲಂಡನ್ ಮತ್ತು ಸ್ಕಾಟ್‌ಲೆಂಡ್ ವಿಶ್ವವಿದ್ಯಾಲಯಗಳ ಕ್ಷೇತ್ರಗಳನ್ನೂ ಚರ್ಚಿಸಬೇಕೆಂದು ಲೇಖಕರನ್ನು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ