ನಟರು ಆಸ್ಪತ್ರೆಯ ಮಾತಾಡಬಾರದೆ? ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನ ತಲುಪಿತು. ‘ಬಣ್ಣ ಹಚ್ಚುವವರಿಗೆ ಆರೋಗ್ಯ ನೀತಿಯ ಉಸಾಬರಿ ಯಾಕೆ?’ ಅಂತ ತಲೆಬರಹ ಕೊಟ್ಟಿದ್ದೀಯ. ಭಾಷೆಯಲ್ಲಿ ಕಸುವಿದೆ, ಸಿಟ್ಟಿನಲ್ಲಿ ಪ್ರಾಮಾಣಿಕತೆ ಇದೆ. ಆದರೂ ಇದನ್ನು ಹೀಗೇ ಅಚ್ಚಿಗೆ ಕೊಡಬೇಡ ಅಂತ ಹೇಳಲಿಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಸಿಟ್ಟು ಸರಿಯಾದದ್ದೇ, ಅದು ಹೋಗಿ ತಗುಲಿದ ಜಾಗ ಮಾತ್ರ ತಪ್ಪು.

ವೈದ್ಯಕೀಯ ಓದದವರು, ಸರ್ಕಾರಿ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಎಂದೂ ನಿಲ್ಲದವರು ಈ ವಿಷಯದಲ್ಲಿ ಬಾಯಿ ಹಾಕಬಾರದು ಅನ್ನುತ್ತೀಯ. ಆ ಅಳತೆ ಹಿಡಿದರೆ ನೀನೂ ಬರೆಯುವ ಹಾಗಿಲ್ಲ, ನಾನೂ ಬರೆಯುವ ಹಾಗಿಲ್ಲ. ಆರೋಗ್ಯ ನೀತಿ ಅಂದರೆ ರೋಗ ಕಂಡುಹಿಡಿಯುವ ವಿದ್ಯೆಯಲ್ಲ. ಯಾರ ದುಡ್ಡಿನಲ್ಲಿ, ಯಾವ ಊರಿನಲ್ಲಿ, ಯಾರಿಗೆ ಯಾವ ಚಿಕಿತ್ಸೆ ಸಿಗಬೇಕು ಅನ್ನುವ ತೀರ್ಮಾನ ಅದು. ತೆರಿಗೆ ಕಟ್ಟುವ, ಕಾಯಿಲೆ ಬೀಳುವ ಯಾರಿಗೇ ಆದರೂ ಅದರಲ್ಲಿ ಮಾತಿದೆ. ನಟನೂ ಅವರಲ್ಲಿ ಒಬ್ಬ. ಅವನ ಮಾತು ಹೆಚ್ಚು ದೂರ ಕೇಳಿಸುತ್ತದೆ, ಹಾಗಾಗಿ ಅದನ್ನು ಹೆಚ್ಚು ಬಿಗಿಯಾಗಿ ಪರೀಕ್ಷಿಸಬೇಕು. ಆ ಪರೀಕ್ಷೆ ನಿನ್ನ ಲೇಖನದಲ್ಲಿ ಇಲ್ಲ. ಬಾಯಿ ಮುಚ್ಚಿ ಎಂಬ ಆಜ್ಞೆ ಮಾತ್ರ ಇದೆ.

ಪರೀಕ್ಷೆ ಹೇಗಿರಬೇಕು ಅನ್ನುವುದಕ್ಕೆ ದೂರದ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಕಿಮ್ಮೆಲ್ 2017ರ ಮೇ 1ರ ರಾತ್ರಿ ತಮ್ಮ ಕಾರ್ಯಕ್ರಮದಲ್ಲಿ ಅಳು ತಡೆಯಲಾಗದೆ ಮಗನ ಕತೆ ಹೇಳಿದರು. ಏಪ್ರಿಲ್ 21ಕ್ಕೆ ಹುಟ್ಟಿದ ಕೂಸು, ಹೃದಯದಲ್ಲಿ ದೋಷ, ಮೂರು ದಿನಕ್ಕೆ ಎದೆ ತೆರೆದು ಆಪರೇಷನ್. ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಬ್ಬ ತಂದೆಯ ಸಂಕಟವಾಗಿ ಉಳಿಯುತ್ತಿತ್ತು. ಅವರು ಮುಂದೆ ಹೋದರು. ಮೊದಲೇ ಇರುವ ಕಾಯಿಲೆಯ ಕಾರಣಕ್ಕೆ ವಿಮಾ ಕಂಪನಿಗಳು ಜನರನ್ನು ಹೊರಗಿಡಬಹುದಾಗಿದ್ದ ಕಾಲವನ್ನು ನೆನಪಿಸಿದರು. ಅದನ್ನು ತಡೆದ 2010ರ ಕಾನೂನನ್ನು ಕಿತ್ತುಹಾಕಿದರೆ ಇಂಥ ಮಕ್ಕಳ ಗತಿ ಏನು ಎಂದು ಕೇಳಿದರು. ಸೆನೆಟರ್ ಬಿಲ್ ಕ್ಯಾಸಿಡಿ ಹೊಸ ಮಸೂದೆ ‘ಜಿಮ್ಮಿ ಕಿಮ್ಮೆಲ್ ಪರೀಕ್ಷೆ’ಯಲ್ಲಿ, ಅಂದರೆ ಇಂಥ ಮಗುವಿಗೆ ಬೇಕಾದ ಚಿಕಿತ್ಸೆ ಸಿಗುತ್ತದೆಯೆ ಎಂಬ ಪ್ರಶ್ನೆಯಲ್ಲಿ, ಪಾಸಾಗಬೇಕು ಅಂದರು. ಸೆಪ್ಟೆಂಬರಿನಲ್ಲಿ ಅದೇ ಕ್ಯಾಸಿಡಿ ತಂದ ಮಸೂದೆಯನ್ನು ಕಿಮ್ಮೆಲ್ ಕೈಗೆತ್ತಿಕೊಂಡು, ಕೊಟ್ಟ ಮಾತು ಎಲ್ಲೆಲ್ಲಿ ಮುರಿದಿದೆ ಅಂತ ಒಂದೊಂದೇ ಅಂಶ ಹಿಡಿದು ತೋರಿಸಿದರು. ಮಸೂದೆ ಮತಕ್ಕೆ ಬರದೆ ಬಿದ್ದುಹೋಯಿತು. ಅದು ಬಿದ್ದದ್ದು ಕ್ಯಾಸಿಡಿಯವರ ರಿಪಬ್ಲಿಕನ್ ಪಕ್ಷದವರೇ ಕೆಲವರು ಒಪ್ಪದ ಕಾರಣಕ್ಕೆ, ಒಬ್ಬ ನಿರೂಪಕನಿಂದಲ್ಲ. ನೀನು ಗಮನಿಸಬೇಕಾದ್ದು ಆ ಮನುಷ್ಯ ಮೇ ತಿಂಗಳ ಕಣ್ಣೀರಿನಿಂದ ಸೆಪ್ಟೆಂಬರಿನ ಮಸೂದೆಯ ತನಕ ವಿಷಯ ಬಿಡದೆ ನಡೆದದ್ದನ್ನು.

ನಮ್ಮಲ್ಲಿ ಅಂಥ ನಡಿಗೆ ತೀರಾ ಅಪರೂಪ. ನನಗೆ ನೆನಪಿರುವ ಒಂದು ದೊಡ್ಡ ಪ್ರಯತ್ನ ಆಮಿರ್ ಖಾನ್ ಅವರದು. 2012ರ ಮೇ 27ರ ಭಾನುವಾರ ‘ಸತ್ಯಮೇವ ಜಯತೇ’ ಕಾರ್ಯಕ್ರಮದಲ್ಲಿ ಆಸ್ಪತ್ರೆ, ಔಷಧಿ ಬೆಲೆ, ಖಾಸಗಿ ಮೆಡಿಕಲ್ ಕಾಲೇಜುಗಳ ವಿಷಯ ಬಂತು. ಜೆನೆರಿಕ್ ಔಷಧಿ, ಅಂದರೆ ಕಂಪನಿಯ ಬ್ರ್ಯಾಂಡ್ ಹೆಸರಿಲ್ಲದೆ ಅಗ್ಗಕ್ಕೆ ಸಿಗುವ ಅದೇ ಮದ್ದು, ಎಂಬ ಮಾತನ್ನು ಎಷ್ಟೋ ಮನೆಗಳು ಮೊದಲ ಸಲ ಕೇಳಿದ್ದು ಅವತ್ತು. ರಾಜಸ್ಥಾನದಲ್ಲಿ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಕೊಡುತ್ತಿದ್ದ ಯೋಜನೆಯನ್ನು, ಅದರ ಹಿಂದಿದ್ದ ಅಧಿಕಾರಿ ಸಮಿತ್ ಶರ್ಮಾ ಅವರನ್ನು ದೇಶ ನೋಡಿತು. ವೈದ್ಯರ ಸಂಘಟನೆಗಳು ಕ್ಷಮೆ ಕೇಳಬೇಕೆಂದು ಪಟ್ಟು ಹಿಡಿದವು. ಆಮಿರ್ ಕೇಳಲಿಲ್ಲ. ಜೂನ್ ತಿಂಗಳಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ಅವರನ್ನು ಕರೆಸಿ ಔಷಧಿ ವಿಷಯದಲ್ಲಿ ಅವರ ಮಾತು ಕೇಳಿತು.

ಅದರ ಕೊರತೆಯನ್ನೂ ಹೇಳಿಬಿಡುತ್ತೇನೆ. ಟಿವಿಗೆ ಒಬ್ಬ ಖಳ ಬೇಕು. ದುಡ್ಡಿನಾಸೆಯ ಡಾಕ್ಟರ್ ಕಣ್ಣಿಗೆ ಕಾಣುತ್ತಾನೆ, ಹುದ್ದೆ ತುಂಬದ ಸರ್ಕಾರ ಕಾಣುವುದಿಲ್ಲ. ವೈದ್ಯರ ಮೇಲಿನ ಕೋಪವನ್ನು ಜನ ಮನೆಗೆ ಒಯ್ದರು. ನಮ್ಮ ರಾಜ್ಯದ ಬಜೆಟ್ಟಿನಲ್ಲಿ ಔಷಧಿಗೆ ಎಷ್ಟಿದೆ ಎಂಬ ಪ್ರಶ್ನೆಯನ್ನು ಅಷ್ಟಾಗಿ ಒಯ್ಯಲಿಲ್ಲ.

ನಿನಗೆ ಆಗ ಚಿಕ್ಕ ವಯಸ್ಸು, ನೆನಪಿರಲಾರದು. ತಮಿಳಿನಲ್ಲಿ, ತೆಲುಗಿನಲ್ಲಿ, ಮಲಯಾಳದಲ್ಲಿ ಡಬ್ ಆಗಿ ಬಂದ ಆ ಕಾರ್ಯಕ್ರಮ ಕನ್ನಡದಲ್ಲಿ ಟಿವಿಗೆ ಬರಲಿಲ್ಲ. ಡಬ್ಬಿಂಗ್ ಬೇಡ ಎಂಬ ನಮ್ಮ ಚಿತ್ರರಂಗದ ನಿಲುವು ಅಡ್ಡ ಬಂತು. ಆ ನಿಲುವಿನ ಹಿಂದೆ ಕನ್ನಡ ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡಿನ ಪ್ರಶ್ನೆ ಇತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ರಕ್ತದೊತ್ತಡದ ಮಾತ್ರೆಗೆ ತಿಂಗಳು ತಿಂಗಳು ದುಡ್ಡು ಸುರಿಯುವ ಕನ್ನಡದ ಮುದುಕಿಗೆ ಅಗ್ಗದ ಔಷಧಿಯ ವಿಷಯ ಅವಳ ಭಾಷೆಯಲ್ಲಿ ತಲುಪಲಿಲ್ಲ. ಆ ಜಾಗವನ್ನು ನಮ್ಮವರೇ ಯಾರಾದರೂ ಕನ್ನಡದಲ್ಲಿ ತುಂಬಬೇಕಿತ್ತು. ತಂಗಿ, ನನ್ನ ಕೊರಗು ಇರುವುದು ಇಲ್ಲಿ. ನಮ್ಮ ತಾರೆಯರು ಹೆಚ್ಚು ಮಾತಾಡುತ್ತಾರೆ ಅಂತ ನಿನ್ನ ದೂರು. ಆರೋಗ್ಯದ ಬಗ್ಗೆ ಮಾತಾಡುತ್ತಾರೆ ನಿಜ: ನಡೆಯಿರಿ, ಸೊಪ್ಪು ತಿನ್ನಿ, ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರ ಏನು ಮಾಡಬೇಕು ಎನ್ನುವಲ್ಲಿಗೆ ಬಂದಾಗ ದನಿ ಅಡಗುತ್ತದೆ. 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5ಕ್ಕೆ ಏರಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು. ಆ ಎರಡೂವರೆ ಶೇಕಡಾ ಯಾವ ನಟನ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಜನರಿಗೆ ಬುದ್ಧಿ ಹೇಳಿದರೆ ಯಾರೂ ಮುನಿಯುವುದಿಲ್ಲ. ಆಳುವವರನ್ನು ಕೇಳಿದರೆ ಮುನಿಯುತ್ತಾರೆ.

ಇನ್ನು ಅಪ್ಪು ವಿಷಯ. ನಿನ್ನ ಲೇಖನದಲ್ಲಿ ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ, ನನಗೆ ನೋವಾಯಿತು. 1994ರಲ್ಲಿ ಡಾ. ರಾಜ್‌ಕುಮಾರ್ ಹೆಸರಿನಲ್ಲಿ ನಾರಾಯಣ ನೇತ್ರಾಲಯದ ನೇತ್ರ ಬ್ಯಾಂಕ್ ಶುರುವಾದಾಗ ಅವರು ಇಡೀ ಕುಟುಂಬದ ಕಣ್ಣುಗಳನ್ನು ಕೊಡುವುದಾಗಿ ಹೇಳಿದರು. 2006ರ ಏಪ್ರಿಲ್ 12ರಂದು ಊರಿಗೆ ಊರೇ ಗಲಭೆಯಲ್ಲಿದ್ದಾಗಲೂ ಅವರ ಕಣ್ಣು ದಾನವಾಯಿತು. 2017ರಲ್ಲಿ ಪಾರ್ವತಮ್ಮನವರದು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರದು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಒಂದೊಂದನ್ನು ಮೇಲ್ಪದರ, ಒಳಪದರ ಅಂತ ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಎಂಬುದು ಆ ವಾರ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತಾಯಿತು. ನೇತ್ರದಾನದ ಅರ್ಜಿ ತುಂಬಲು ಜನ ಮುಗಿಬಿದ್ದರು. ಆ ಮನೆಯವರು ಭಾಷಣ ಮಾಡಲಿಲ್ಲ, ಕೊಟ್ಟ ಮಾತನ್ನು ದುಃಖದ ನಡುವೆ ನಡೆಸಿಕೊಟ್ಟರು. ಇಂಥದ್ದನ್ನು ‘ಉಸಾಬರಿ’ ಅಂತ ಕರೆಯುವ ತಲೆಬರಹದ ಕೆಳಗೆ ತರಬೇಡ.

ಅದೇ ವಾರ ಇನ್ನೊಂದು ನಡೆಯಿತು, ಅದನ್ನು ನೀನು ಬರೆಯಲೇಬೇಕು. ನಲವತ್ತಾರು ವರ್ಷದ ಗಟ್ಟಿಮುಟ್ಟು ಮನುಷ್ಯ ಹಾಗೆ ಹೋದದ್ದು ಕಂಡು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜನ ನುಗ್ಗಿದರು. ಎದೆಯಲ್ಲಿ ಸಣ್ಣ ಚುಳುಕು ಬಂದವರೂ ಬಂದರು, ಏನೂ ಇಲ್ಲದವರೂ ಬಂದರು. ನಿಜವಾಗಿ ಕಾಯಿಲೆ ಇದ್ದವರು ಅದೇ ಸಾಲಿನಲ್ಲಿ ಹಿಂದೆ ನಿಂತರು. ಭಯಕ್ಕೆ ಕಾಲಿದೆ, ದಾರಿ ತೋರಿಸುವವರು ಬೇಕು. ಕೊನೆಗೆ ಒಂದು ದಾರಿ ನೀತಿಯ ರೂಪದಲ್ಲೇ ಬಂತು. ರಾಜ್ಯ ಸರ್ಕಾರ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೂರದ ತಜ್ಞರು ನೋಡಿ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸುವುದು ಅದರ ಕ್ರಮ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಹೃದಯದ ಸ್ನಾಯು ಸಾಯುತ್ತಾ ಹೋಗುವ ಆ ಮೊದಲ ಗಂಟೆಗಳಲ್ಲಿ ಜಗಳೂರಿನ ರೈತನಿಗೆ ಬೆಂಗಳೂರು ತುಂಬಾ ದೂರ.

ಅಭಿಮಾನಿಗಳು ಹೆಸರನ್ನು ಕೊಂಡಾಡುತ್ತಾರೆ, ಅದು ಅವರ ಪ್ರೀತಿ. ನಿನ್ನ ಪ್ರೀತಿ ಬೇರೆ ರೀತಿಯಲ್ಲಿ ಕಾಣಲಿ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸು. ಯಂತ್ರ ಕೆಲಸ ಮಾಡುತ್ತಿದೆಯೆ? ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರು ಯಾರು? ಚುಚ್ಚುಮದ್ದಿನ ದಾಸ್ತಾನು ಎಷ್ಟಿದೆ, ಅದರ ಅವಧಿ ಎಂದಿಗೆ ಮುಗಿಯುತ್ತದೆ? 108 ಬರಲು ಎಷ್ಟು ಹೊತ್ತಾಗುತ್ತದೆ? ಅಪ್ಪು ಹೆಸರಿನ ಯೋಜನೆ ಸೊರಗಿದೆ ಅಂತ ಗೊತ್ತಾದರೆ ಯಾವ ಸರ್ಕಾರಕ್ಕೂ ಕಸಿವಿಸಿಯಾಗುತ್ತದೆ. ಹೆಸರಿನ ಆ ಬಲವನ್ನು ರೋಗಿಯ ಪರವಾಗಿ ಬಳಸುವವರು ಬೇಕು.

ನಿನ್ನ ಜಿಲ್ಲೆಯದೇ ಇನ್ನೊಂದು ವಿಷಯ. ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಹೇಳಿದರು. ಆಮೇಲೆ ಅವರು ಕಟ್ಟಿದ ಸಂಸ್ಥೆ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಶುರು ಮಾಡಿದ್ದು ದಾವಣಗೆರೆ ಜಿಲ್ಲೆಯಲ್ಲೇ. ನೀನು ಅವರನ್ನು ಟೀಕಿಸುವಾಗ ಇದನ್ನು ಬಿಟ್ಟಿದ್ದೀಯ. ಹೊಗಳುವವರು ಬಿಡುವ ಸಂಗತಿಯೂ ಒಂದಿದೆ. ಅದಕ್ಕೆ ಮೂವತ್ತು ವರ್ಷ ಮೊದಲೇ, 1985ರಿಂದ, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ನಿಮ್ಮ ಕಡೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದಿದ್ದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆ ವೈದ್ಯರ ಹೆಸರು ಯಾರ ಬಾಯಲ್ಲೂ ಇಲ್ಲ. ದೀಪಿಕಾ ಮಾತಿನಿಂದ ಎಷ್ಟೋ ಹುಡುಗಿಯರು ಮನೆಯಲ್ಲಿ ‘ನನಗೆ ಹೀಗಾಗುತ್ತಿದೆ’ ಅಂತ ಹೇಳುವ ಧೈರ್ಯ ಮಾಡಿರಬಹುದು. ಹೇಳಿದ ಮೇಲೆ ಅವರು ಹೋಗಬೇಕಾದ ಬಾಗಿಲನ್ನು ತೆರೆದವರು ಬಳ್ಳಾರಿಯಲ್ಲಿ ದುಡಿದವರು. ಎರಡನ್ನೂ ಒಂದೇ ಪುಟದಲ್ಲಿ ತಂದರೆ ನಿನ್ನ ಲೇಖನ ನಿಲ್ಲುತ್ತದೆ.

ತಾರೆಯನ್ನು ನೀತಿಯ ಮುಖವಾಗಿ ನಿಲ್ಲಿಸುವುದರಲ್ಲಿ ಅಪಾಯವಿದೆ ಅಂತ ನೀನು ಬರೆದದ್ದು ಸರಿ. ಆದರೆ ಉದಾಹರಣೆ ಕೊಟ್ಟಿಲ್ಲ. ತಮಿಳು ನಟ ವಿವೇಕ್ 2021ರ ಏಪ್ರಿಲ್ 15ರಂದು ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ, ಬೇಕೆಂದೇ ಕ್ಯಾಮೆರಾಗಳ ಮುಂದೆ ಕೋವಿಡ್ ಲಸಿಕೆ ಹಾಕಿಸಿಕೊಂಡು ಜನರಿಗೆ ಧೈರ್ಯ ಹೇಳಿದರು. ಮಾರನೇ ದಿನ ಹೃದಯಾಘಾತ, 17ಕ್ಕೆ ತೀರಿಕೊಂಡರು. ಲಸಿಕೆಗೂ ಸಾವಿಗೂ ಸಂಬಂಧವಿಲ್ಲ ಅಂತ ಪರಿಶೀಲನಾ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ವದಂತಿ ಊರು ಸುತ್ತಿ ಬಂದಾಗಿತ್ತು. ಒಳ್ಳೆಯ ಮನಸ್ಸಿನಿಂದ ಮುಂದೆ ಬಂದ ಒಬ್ಬರ ದೇಹವೇ ಲಸಿಕೆಗೆ ಸಾಕ್ಷಿಯಾಗಿಬಿಟ್ಟಿತ್ತು. ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಆ ನಟನದಲ್ಲ. ಅಂಕಿಅಂಶವನ್ನು ಜನರ ಭಾಷೆಯಲ್ಲಿ ಮೊದಲೇ ಬಿಡಿಸಿ ಹೇಳಬೇಕಾದ ಸರ್ಕಾರದ್ದು, ನಮ್ಮದು.

ನಿನ್ನ ಸಿಟ್ಟಿಗೆ ತಕ್ಕ ಗುರಿ ಜಾಹೀರಾತು. ಏಲಕ್ಕಿ ಹೆಸರಿನಲ್ಲಿ ಪಾನ್ ಮಸಾಲಾ ಕಂಪನಿಗಳ ಗುರುತು ಹೊತ್ತು ನಿಲ್ಲುವ ನಟರಿದ್ದಾರಲ್ಲ, ಅವರನ್ನು ಬಿಡಬೇಡ. ಅಮಿತಾಭ್ ಬಚ್ಚನ್ 2021ರಲ್ಲಿ ಅಂಥದ್ದರಿಂದ ಹೊರಬಂದರು, ಅಕ್ಷಯ್ ಕುಮಾರ್ 2022ರಲ್ಲಿ ಕ್ಷಮೆ ಕೇಳಿ ಹಿಂದೆ ಸರಿದರು. ಇದೇ ಬಚ್ಚನ್ ವರ್ಷಗಟ್ಟಲೆ ಪೋಲಿಯೊ ಹನಿಗೆ ದನಿ ಕೊಟ್ಟವರು. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ, ಎರಡನ್ನೂ ಬರೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದರಲ್ಲಿ ಕಾಣಿಸಿಕೊಂಡವರೂ ಹೊಣೆ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ಬಾಯಿ ಕ್ಯಾನ್ಸರಿನ ವಾರ್ಡಿಗೆ ಒಮ್ಮೆ ಹೋಗಿ ಬಂದು ಆ ಭಾಗ ಬರೆ.

ಬರವಣಿಗೆಯ ಬಗ್ಗೆ ಎರಡು ಮಾತು. ‘ಇತ್ತೀಚಿನ ದಿನಗಳಲ್ಲಿ’ ಅಂತ ಶುರುವಾಗುವ ಮೊದಲ ಪ್ಯಾರಾ ತೆಗೆದುಹಾಕು. ‘ಸೆಲೆಬ್ರಿಟಿಗಳು’ ಅಂತ ರಾಶಿ ಹಾಕಬೇಡ, ಯಾರು, ಯಾವಾಗ, ಏನಂದರು ಅಂತ ಬರೆ. ಸರ್ಕಾರಿ ಆದೇಶವನ್ನು ಪತ್ರಿಕೆಯ ವರದಿಯಲ್ಲಿ ಓದಿ ಬಿಡಬೇಡ, ಮೂಲ ತರಿಸಿಕೊಂಡು ಓದು. 2025ರ ಮೇನಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಆದೇಶಿಸಿತಲ್ಲ, ಆಸ್ಪತ್ರೆಯೊಳಗೆ ಔಷಧಿ ಉಚಿತವಾಗೇ ಸಿಗಬೇಕು ಎಂಬುದು ಸರ್ಕಾರದ ವಾದ. ಉಚಿತದ್ದು ಸಿಗದ ದಿನ ಬಡವನಿಗೆ ಇದ್ದ ಅಗ್ಗದ ಬಾಗಿಲೂ ಮುಚ್ಚುತ್ತದೆ ಎಂಬುದು ಎದುರು ವಾದ. ಎರಡಕ್ಕೂ ತೂಕವಿದೆ. ಒಬ್ಬ ನಟ ಇದರ ಬಗ್ಗೆ ಒಂದು ಸಾಲು ಬರೆದು ಸುಮ್ಮನಾದರೆ ಅದು ಅವನ ಮಿತಿ. ನಿನಗೆ ಪುಟಗಳಿವೆ.

ಹೆಸರು ಹಿಡಿದು ಬರೆದರೆ ಅಭಿಮಾನಿಗಳಿಂದ ಬೈಗುಳ ಬರುತ್ತದೆ, ಹೆಣ್ಣುಮಗಳು ಅಂತ ಇನ್ನೂ ಕೆಟ್ಟದಾಗಿ ಬರುತ್ತದೆ. ಉತ್ತರ ಕೊಡುತ್ತ ಕೂರಬೇಡ. ತಪ್ಪು ತೋರಿಸಿದವರಿಗೆ ಮಾತ್ರ ಉತ್ತರಿಸು. ಬೆದರಿಕೆ ಬಂದರೆ ನನಗೆ ಕೂಡಲೇ ಫೋನ್ ಮಾಡು, ಹೊತ್ತು ನೋಡಬೇಡ.

ಆಸ್ಪತ್ರೆಗೆ ಹೋಗುವಾಗ ಮಧ್ಯಾಹ್ನ ಹೋಗಬೇಡ. ರಾತ್ರಿ ಒಂಬತ್ತರ ಮೇಲೆ ಹೋಗು, ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗು. ಕರ್ತವ್ಯದಲ್ಲಿರುವ ನರ್ಸ್ ಹತ್ತಿರ ಮೊದಲು ಮಾತಾಡು, ಆಡಳಿತಾಧಿಕಾರಿ ಹತ್ತಿರ ಆಮೇಲೆ. ಬರೆದದ್ದನ್ನು ನನಗೆ ಕಳಿಸು, ತಲೆಬರಹ ಆಮೇಲೆ ಯೋಚಿಸೋಣ.

ನಿನ್ನ ಅಕ್ಕ